ಪ್ರತಿಕ್ರಿಯೆ: ಶೇಕ್ಸ್‌ಪಿಯರ್ ಸಾನೆಟ್‌ನಲ್ಲಿ 8+6 ಎಲ್ಲಿದೆ?

ಶೇಕ್ಸ್‌ಪಿಯರ್‌ನ ಸಾನೆಟ್‌ನಲ್ಲಿ (14 ಸಾಲಿನ ಕವಿತೆ) 8+6 ಭಾಗ, ಅಂದರೆ ಮೊದಲು 8 ಸಾಲು, ಆಮೇಲೆ 6 ಸಾಲು, ಸಿಗುತ್ತಿಲ್ಲ ಎಂದಿದ್ದೀರಿ. ಬಹುಶಃ ಇಟಲಿಯ ಅಳತೆಯಲ್ಲಿ ಇಂಗ್ಲಿಷ್ ಸಾನೆಟ್ ಅಳೆಯುತ್ತಿದ್ದೀರಿ. 8+6 ಇಟಲಿಯ ಕವಿ ಪೆಟ್ರಾರ್ಕನ ಮಾದರಿ. ಅದರ ಮೊದಲ 8 ಸಾಲಿಗೆ ಎರಡೇ ಪ್ರಾಸ. ಇಟಾಲಿಯನ್‌ನಲ್ಲಿ ಪ್ರಾಸ ಧಾರಾಳ, ಇಂಗ್ಲಿಷ್‌ನಲ್ಲಿ ಅಷ್ಟಿಲ್ಲ. ಹಾಗಾಗಿ 16ನೇ ಶತಮಾನದಲ್ಲಿ ಇಂಗ್ಲಿಷ್ ಕವಿ ಸರ್ರೆ ಅದನ್ನು 4+4+4+2 ಮಾಡಿದ. ಎಷ್ಟು ಜಾಣ ಬದಲಾವಣೆ, ಅಲ್ವಾ!

ಮೊದಲು ಪ್ರತಿ ಸಾಲಿನ ಕೊನೆಯ ಪ್ರಾಸಕ್ಕೆ ಒಂದು ಅಕ್ಷರದ ಗುರುತು ಹಾಕಿ; ಒಂದೇ ಪ್ರಾಸಕ್ಕೆ ಒಂದೇ ಅಕ್ಷರ. ಕಖಖಕ ಕಖಖಕ ಎಂದು ಶುರುವಾದರೆ ಇಟಲಿಯದು. ಕಖಕಖ ಗಘಗಘ ಚಛಚಛ ಜಜ ಬಂದರೆ ಇಂಗ್ಲಿಷಿನದು. ಆಮೇಲೆ ಭಾವದ ತಿರುವು ಹುಡುಕಿ. ಕೊನೆಯ 2 ಸಾಲಲ್ಲೇ ಇರಬೇಕೆಂದಿಲ್ಲ. 18ನೇ ಸಾನೆಟ್‌ನಲ್ಲಿ 9ನೇ ಸಾಲಿನ 'ಬಟ್' (ಆದರೆ) ಎಂಬಲ್ಲೇ ಮಾತು ಹೊರಳುತ್ತದೆ. ನೀವು ಓದುತ್ತಿರುವುದು ಎಷ್ಟನೆಯದೆಂದು ಹೇಳಿಲ್ಲ. ಅದಕ್ಕೇ 9 ಮತ್ತು 13, ಎರಡೂ ಸಾಲು ನೋಡಿ.