ಪ್ಯಾರಿಸ್‌ಗೆ ಹೋಗಲಿ, ಆದರೆ ಎಲ್ಲಿ ನಿಲ್ಲುತ್ತಾರೆಂದು ಮೊದಲು ಹೇಳಲಿ

ಪ್ರಶ್ನೆ: ನನ್ನ ಗಂಡನಿಗೆ 43 ವರ್ಷ, ಬ್ಯಾಂಕ್ ನೌಕರಿ. ಕೆಲವು ವರ್ಷಗಳಿಂದ ಬ್ರೆವೆ, ಅಂದರೆ ನಿಗದಿತ ಗಂಟೆಗಳೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಯ ಹುಚ್ಚು ಹತ್ತಿದೆ. ಕಳೆದ ತಿಂಗಳು 600 ಕಿ.ಮೀ. ಮುಗಿಸಿ ಬಂದರು. ವಾರದ ನಂತರ ಅವರ ಹೆಲ್ಮೆಟ್‌ನಲ್ಲಿ ಬಿರುಕು ಕಂಡೆ. ಬೆಳಗಿನ ಜಾವ ಹೆದ್ದಾರಿಯಲ್ಲಿ ಕಣ್ಣು ಹತ್ತಿ ಬಿದ್ದಿದ್ದರಂತೆ, ನನಗೆ ಹೇಳಿರಲಿಲ್ಲ. ಈಗ ಫ್ರಾನ್ಸ್‌ನಲ್ಲಿ ನಡೆಯುವ 2027ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ದೊಡ್ಡ ಬ್ರೆವೆ ಸವಾರಿಗೆ ಹೊರಡುವ ಮಾತಾಡುತ್ತಿದ್ದಾರೆ. ಬೇಡವೆಂದರೆ ಮಂಕಾಗುತ್ತಾರೆ, ಹೂಂ ಎನ್ನಲು ನನಗೆ ಧೈರ್ಯವಿಲ್ಲ. ಮನೆ, ಮಗಳು ಎಲ್ಲ ಇದ್ದೂ ಇವರಿಗೆ ಇದೇಕೆ ಬೇಕು? ನನ್ನಲ್ಲೇ ಏನಾದರೂ ಕೊರತೆಯೇ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನಿಮ್ಮಲ್ಲಿ ಕೊರತೆಯೇನೂ ಇಲ್ಲ. ಆ ಯೋಚನೆಯನ್ನು ಇಲ್ಲಿಗೇ ಬಿಡಿ.

ನಿಮ್ಮ ಗಂಡನಿಗೆ ಸಾವಿನ ಸೆಳೆತವೂ ಇಲ್ಲ. ಬ್ಯಾಂಕಿನ ಕೆಲಸ ಎಂದೂ ಮುಗಿಯುವುದಿಲ್ಲ. ಬ್ರೆವೆಯಲ್ಲಿ ಮುಂದಿನ ನಿಯಂತ್ರಣ ಕೇಂದ್ರ (ದಾರಿಯಲ್ಲಿ ಸವಾರರ ಹಾಜರಿ ಹಾಕುವ ಜಾಗ) ಎಷ್ಟು ದೂರ, ಬಾಟಲಿಯಲ್ಲಿ ನೀರೆಷ್ಟು, ಹಾಜರಿ ಕಾರ್ಡಿಗೆ ಮುದ್ರೆ ಬಿತ್ತೇ ಎಂಬಷ್ಟೇ ಲೆಕ್ಕ. ಮೊದಲು ಬಂದವರಿಗೂ ಬಹುಮಾನವಿಲ್ಲ. ಮನಸ್ಸು ಅಷ್ಟು ಹಗುರಾಗುವ ಜಾಗ ಬೇರೆಲ್ಲೂ ಸಿಗದವರು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಾರೆ.

ತೊಂದರೆ ಹುಟ್ಟುವುದೂ ಅಲ್ಲೇ. ಮಂಡಿ ನೋವು, ಹಸಿವು, ಬೇಸರಗಳನ್ನೆಲ್ಲ 'ಮುಂದಿನ ಕೇಂದ್ರದಲ್ಲಿ ನೋಡಿಕೊಳ್ಳೋಣ' ಎಂದು ದೂಡುವ ಅಭ್ಯಾಸ ಇವರಿಗೆ ಮೈಗೂಡಿರುತ್ತದೆ. ಸ್ನಾಯುಗಳು ಆ ಮಾತು ಕೇಳುತ್ತವೆ, ನಿದ್ದೆ ಕೇಳುವುದಿಲ್ಲ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ 0.05 ಮದ್ಯಾಂಶ ಇರುವವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮಲ್ಲಿ ವಾಹನ ಚಾಲಕರಿಗಿರುವ ಮಿತಿ ಶೇ 0.03. 600 ಕಿ.ಮೀ.ಗೆ ಕೊಡುವುದು 40 ಗಂಟೆ. ಅವರು ಯಾವ ಸ್ಥಿತಿಯಲ್ಲಿ ಲಾರಿಗಳ ಪಕ್ಕ ತುಳಿಯುತ್ತಿದ್ದರೆಂದು ನೀವೇ ಊಹಿಸಿ. ಪ್ಯಾರಿಸ್‌ನಲ್ಲಿ 1200 ಕಿ.ಮೀ.ಗೂ ಹೆಚ್ಚು ದೂರವನ್ನು 90 ಗಂಟೆಯಲ್ಲಿ ಮುಗಿಸಬೇಕು. ಈ ಅವಧಿಯ ಸವಾರರು ಹೊರಡುವುದೇ ಸಂಜೆಯ ಹೊತ್ತಿಗೆ, ಮೊದಲ ರಾತ್ರಿಯ ನಿದ್ದೆ ಬಹುತೇಕರಿಗೆ ಖೋತಾ.

ಸ್ವೀಡನ್ನಿನ ಗೋರನ್ ಕ್ರೋಪ್ ಎಂಬಾತ 1995ರಲ್ಲಿ ತನ್ನ ದೇಶದಿಂದ ಸೈಕಲ್ ತುಳಿದೇ ನೇಪಾಳಕ್ಕೆ ಹೊರಟು, ಬಾಟಲಿ ಆಮ್ಲಜನಕವಿಲ್ಲದೆ ಎವರೆಸ್ಟ್ ಏರಲು ನಿಂತ. 1996ರ ಮೇ ಆರಂಭದಲ್ಲಿ, ಶಿಖರ ಇನ್ನು ನೂರು ಮೀಟರ್ ಇದೆ ಎನ್ನುವಾಗ ಹೊತ್ತಾಯಿತೆಂದು ಕೆಳಗಿಳಿದ. ಮೇ 10ರಂದು ಬೇರೆ ತಂಡಗಳವರು ಹಿಂದಿರುಗಬೇಕಾದ ಹೊತ್ತು ಮೀರಿಯೂ ಹತ್ತಿದರು. ಆ ದಿನದ ಬಿರುಗಾಳಿಯಲ್ಲಿ ಪರ್ವತದ ಮೇಲೆ ಎಂಟು ಮಂದಿ ಸತ್ತರು. ಕ್ರೋಪ್ ಅದೇ ತಿಂಗಳು ಮತ್ತೆ ಹತ್ತಿ ಶಿಖರ ಮುಟ್ಟಿದ. ಸಾಹಸಿ ಎಂದರೆ ನನ್ನ ಲೆಕ್ಕದಲ್ಲಿ ಇವನು. ನಿಮ್ಮ ಯಜಮಾನರಿಗೆ ಹತ್ತುವುದು ಗೊತ್ತು, ಇಳಿಯುವುದು ಗೊತ್ತೇ ಎಂಬುದಷ್ಟೇ ನನ್ನ ಅನುಮಾನ.

ಆದ್ದರಿಂದ 'ಹೋಗಬೇಡಿ' ಎನ್ನಬೇಡಿ, 'ಯಾವಾಗ ನಿಲ್ಲುತ್ತೀರಿ?' ಎಂದು ಕೇಳಿ. ಉತ್ತರ ಸವಾರಿಗೆ ಮುಂಚೆ, ತಲೆ ನೆಟ್ಟಗಿರುವಾಗ, ಕಾಗದದ ಮೇಲೆ ಬರಲಿ. ಎಷ್ಟು ಗಂಟೆ ಮಲಗುತ್ತಾರೆ, ಎಷ್ಟು ಸಲ ತೂಕಡಿಸಿದರೆ ಸವಾರಿ ಕೈಬಿಡುತ್ತಾರೆ, ಎಲ್ಲೆಲ್ಲಿಂದ ನಿಮಗೆ ಫೋನ್ ಮಾಡುತ್ತಾರೆ. ಪ್ಯಾರಿಸ್‌ಗೆ ಅರ್ಹರಾಗಲು ಅದೇ ವರ್ಷ 200, 300, 400, 600 ಕಿ.ಮೀ. ಮುಗಿಸಲೇಬೇಕು, ಪರೀಕ್ಷಿಸಲು ಅವಕಾಶ ಸಾಕಷ್ಟಿದೆ. ಮೂರು ಗಂಟೆಯಾದರೂ ಮಲಗಿ 600 ಮುಗಿಸಲಾಗದವರು ಪ್ಯಾರಿಸ್‌ಗೆ ಸಿದ್ಧರಾಗಿಲ್ಲ ಎಂದೇ ಅರ್ಥ. ಒಡೆದ ಹೆಲ್ಮೆಟ್ ಇವತ್ತೇ ಕಸಕ್ಕೆ ಹೋಗಲಿ, ಒಮ್ಮೆ ವೈದ್ಯರಿಗೂ ತೋರಿಸಿಬಿಡಿ.

ಜೊತೆಗೆ ನೀವೂ ಹೋಗಿ ಎನ್ನುವವರು ಸಿಗುತ್ತಾರೆ. ಫ್ರಾನ್ಸ್ ನೋಡಲು ಹೋಗುವುದಾದರೆ ಸಂತೋಷ, ಕಾವಲಿಗೆ ಬೇಡ. ಹೊರಗಿನ ನೆರವಿಗೆ ಅವಕಾಶವಿರುವುದು ನಿಯಂತ್ರಣ ಕೇಂದ್ರಗಳಲ್ಲಿ ಮಾತ್ರ.

ಬಿದ್ದದ್ದನ್ನು ಅವರು ಮುಚ್ಚಿಟ್ಟದ್ದು ಬಹುಶಃ ನೀವು ಸೈಕಲ್ಲನ್ನೇ ಬಿಡಿಸುತ್ತೀರೆಂಬ ಭಯಕ್ಕೆ. ನಿಜ ಹೇಳಿದ ಕಾರಣಕ್ಕೆ ಸೈಕಲ್ ನಿಲ್ಲುವುದಿಲ್ಲವೆಂದು ನೀವು ಮಾತು ಕೊಡಿ. ಅಷ್ಟಾದ ಮೇಲೂ ಅವರು ಉತ್ತರ ತೇಲಿಸಿದರೆ, ನೋಂದಣಿ ಹಣ ಕಟ್ಟಲು ಬಿಡಬೇಡಿ.