ಸೈನ್ಸ್ ಫಿಕ್ಷನ್, ಹಳೇ ಫೋಟೋ, ಚಿತ್ರವಿಚಿತ್ರ ವಸ್ತು: ಇವೆಲ್ಲ ಒಬ್ಬರಿಗೇ ಹೇಗೆ ಇಷ್ಟವಾಗುತ್ತವೆ?

ನೀವು ಎರಡು ವಿಷಯ ಕೇಳಿದ್ದೀರಿ. ಸೈನ್ಸ್ ಫಿಕ್ಷನ್ ಓದುವವರು ಹಳೇ ಫೋಟೋ, ವಿಚಿತ್ರ ವಸ್ತು ಅಂತ ಯಾಕೆ ಅಲೆಯುತ್ತಾರೆ, ಇವಕ್ಕೆಲ್ಲ ಏನಾದರೂ ನಂಟು ಇದೆಯಾ ಅನ್ನುವುದು ಒಂದು. ಯಾವುದಾದರೂ ಒಂದನ್ನೇ ಹಿಡಿದು ಆಳಕ್ಕೆ ಇಳಿಯುವುದು ಒಳ್ಳೆಯದಲ್ವಾ ಅನ್ನುವುದು ಇನ್ನೊಂದು. ನನಗೆ ಈ ಮೂರರ ಹುಚ್ಚೂ ಇದೆ. ಹಾಗಾಗಿ ಇದು ಪಕ್ಷಪಾತದ ಉತ್ತರ ಅಂತಲೇ ಓದಿಕೊಳ್ಳಿ.

ನಂಟು ಇದೆ. ಕಥೆ ‘ಇದನ್ನು ನಿಜ ಅಂದುಕೋ’ ಅನ್ನುತ್ತದೆ. ಫೋಟೋ ‘ಇದು ನಿಜ’ ಅನ್ನುತ್ತದೆ. ಎರಡಕ್ಕೂ ನಾವು ತಲೆಯಾಡಿಸುತ್ತೇವೆ. ಯಾಕೆ ತಲೆಯಾಡಿಸಿದೆವು ಅಂತ ಕೆದಕುವುದು ನನ್ನ ಚಟ. ಕನ್ನಡದ ಸೈನ್ಸ್ ಫಿಕ್ಷನ್ ಲೇಖಕ ರಾಜಶೇಖರ ಭೂಸನೂರಮಠ ಅವರ ಕಥೆಗಳಿಂದ ಶುರುವಾದದ್ದು ಇದು, ಇನ್ನೂ ಬಿಟ್ಟಿಲ್ಲ.

ಜಾನ್ ಹರ್ಷೆಲ್ ಅಂತ ಒಬ್ಬ ಖಗೋಳ ವಿಜ್ಞಾನಿ ಇದ್ದರು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮಗ. ದಕ್ಷಿಣದ ಆಕಾಶ ನೋಡಲು 1833ರ ಕೊನೆಗೆ ಇಂಗ್ಲೆಂಡ್ ಬಿಟ್ಟು, 1834ರಲ್ಲಿ ಆಫ್ರಿಕಾದ ತುದಿಯ ಕೇಪ್‌ಗೆ ಹೋಗಿ ಕೂತರು. ಮಾರನೇ ವರ್ಷ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ‘ಸನ್’ ಪತ್ರಿಕೆ ಅವರ ಹೆಸರಿನಲ್ಲಿ ಒಂದು ಲೇಖನಮಾಲೆ ಶುರುಮಾಡಿತು. ಹರ್ಷೆಲ್ 24 ಅಡಿ ಅಗಲದ ಮಸೂರ ಹಾಕಿ ಚಂದ್ರನನ್ನು ನೋಡಿದರಂತೆ. ಅಲ್ಲಿ ಒಂಟಿ ಕೊಂಬಿನ ನೀಲಿ ಮೇಕೆ, ಎರಡು ಕಾಲಲ್ಲಿ ನಡೆಯುವ ಬೀವರ್ (ಇಲಿ ಜಾತಿಯ ದೊಡ್ಡ ನೀರುಪ್ರಾಣಿ), ಬಾವಲಿ ರೆಕ್ಕೆಯ ಮನುಷ್ಯರು! ಬೀವರ್‌ಗಳ ಗುಡಿಸಲಿನಿಂದ ಹೊಗೆ ಬರುತ್ತಿತ್ತು, ಅಂದರೆ ಅವಕ್ಕೆ ಬೆಂಕಿ ಹಚ್ಚಲು ಬರುತ್ತದೆ ಅಂತ ಬೇರೆ ಸೇರಿಸಿದ್ದರು. ಈ ಹೊಗೆ ಇದೆಯಲ್ಲ, ಅದು ಪಳಗಿದ ಕೈ. ರೆಕ್ಕೆಯನ್ನು ಯಾರು ಬೇಕಾದರೂ ಅಂಟಿಸುತ್ತಾರೆ. ಕೊನೆಗೆ ಆ ಟೆಲಿಸ್ಕೋಪನ್ನು ಸೂರ್ಯನ ಕಡೆ ಮುಖಮಾಡಿ ಬಿಟ್ಟದ್ದರಿಂದ ಬೆಂಕಿ ಹತ್ತಿಕೊಂಡಿತು ಅಂತ ಕಥೆ ಹೆಣೆದರು. ಹೋಗಿ ನೋಡೋಣ ಅಂದರೂ ದಾರಿ ಇಲ್ಲ.

ಇದನ್ನೆಲ್ಲ ಕಟ್ಟಿ ಬರೆದವರು ಅದೇ ಪತ್ರಿಕೆಯ ರಿಚರ್ಡ್ ಆಡಮ್ಸ್ ಲಾಕ್. ಪಾಪ ಹರ್ಷೆಲ್‌ಗೆ ವಿಷಯ ತಿಳಿದದ್ದು ಎಷ್ಟೋ ತಡವಾಗಿ. ಮೊದಲು ನಕ್ಕರು. ಎಲ್ಲ ಕಡೆಯಿಂದ ಅದನ್ನೇ ಕೇಳತೊಡಗಿದಾಗ ರೋಸಿಹೋದರು.

ಈಗ ಫೋಟೋಗೆ ಬನ್ನಿ. ಡಾರ್ಕ್‌ರೂಂ ಕಂಡವರಿಗೆ ಹೈಪೋ ಗೊತ್ತಿರುತ್ತದೆ. ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ತೊಳೆದು ತೆಗೆಯುವ ದ್ರಾವಣ. ಅದಿಲ್ಲದಿದ್ದರೆ ಚಿತ್ರವನ್ನು ಬೆಳಕಿಗೆ ತಂದಷ್ಟೂ ಕಪ್ಪಾಗುತ್ತಾ ಹೋಗುತ್ತದೆ. 1839ರಲ್ಲಿ ಅದನ್ನು ಫೋಟೋಗ್ರಫಿಗೆ ತಂದವರು ಇದೇ ಹರ್ಷೆಲ್. ಅದೇ ವರ್ಷ ಗಾಜಿನ ಮೇಲೆ ಅವರು ಹಿಡಿದ ಒಂದು ದುಂಡನೆಯ ಚಿತ್ರ ಇವತ್ತಿಗೂ ಇದೆ. ಗಾಜಿನ ಮೇಲಿನ ಫೋಟೋಗಳಲ್ಲಿ ಉಳಿದಿರುವ ಅತಿ ಹಳೆಯದು. ಅದರಲ್ಲಿ ಕಾಣುವುದು ಅವರಪ್ಪ ಕಟ್ಟಿಸಿದ್ದ 40 ಅಡಿ ಟೆಲಿಸ್ಕೋಪಿನ ಮರದ ಕಟ್ಟಣೆ. ಪತ್ರಿಕೆಯ ಕಲ್ಪನೆಯ ದೊಡ್ಡ ಟೆಲಿಸ್ಕೋಪಿಗೆ ಸಿಕ್ಕಿಬಿದ್ದ ಮನುಷ್ಯ, ನಿಜವಾದ ದೊಡ್ಡ ಟೆಲಿಸ್ಕೋಪಿನ ಫೋಟೋ ತೆಗೆದಿಟ್ಟ. ಇವರನ್ನು ಯಾವ ಹವ್ಯಾಸದ ಕಪಾಟಿನಲ್ಲಿ ಇಡುತ್ತೀರಿ ಹೇಳಿ?

ಶೆರ್ಲಾಕ್ ಹೋಮ್ಸ್ ಕಥೆ ಬರೆದ ಕಾನನ್ ಡಾಯ್ಲ್ ಅವರ ಕಥೆ ಇನ್ನೂ ಮಜಾ. 1912ರ ‘ದಿ ಲಾಸ್ಟ್ ವರ್ಲ್ಡ್’ ಕಾದಂಬರಿಯಲ್ಲಿ ಪ್ರೊಫೆಸರ್ ಚಾಲೆಂಜರ್ ಬಳಗ ಡೈನೋಸಾರ್ ನೋಡಿ ಬರುತ್ತದೆ. ಪುಸ್ತಕಕ್ಕೆ ಈ ಬಳಗದ ‘ಫೋಟೋ’ ಕೂಡ ಹಾಕಿದ್ದರು. ಅದರಲ್ಲಿ ಸುಳ್ಳು ಗಡ್ಡ ಕಟ್ಟಿಕೊಂಡು ಚಾಲೆಂಜರ್ ಆಗಿ ಕೂತವರು ಸ್ವತಃ ಡಾಯ್ಲ್! ಕಥೆಯ ಒಳಗೂ ಒಬ್ಬ ಎದ್ದುನಿಂತು, ಇಷ್ಟೊಂದು ಕೈಚಳಕದ ಕಾಲದಲ್ಲಿ ಫೋಟೋವನ್ನು ಸಾಕ್ಷಿ ಅಂತ ಒಪ್ಪಲಾದೀತಾ ಅಂತ ವಾದಿಸುತ್ತಾನೆ. ಇಷ್ಟೆಲ್ಲ ಬರೆದವರು 1920ರಲ್ಲಿ ಕಾಟಿಂಗ್ಲಿ ಎಂಬ ಹಳ್ಳಿಯ ಇಬ್ಬರು ಹುಡುಗಿಯರು ತೆಗೆದ ಯಕ್ಷಿಣಿಯರ ಫೋಟೋ ನಂಬಿಬಿಟ್ಟರು. ಪತ್ರಿಕೆಯಲ್ಲಿ ಅದರ ಪರ ಲೇಖನವನ್ನೂ ಬರೆದರು. ಆ ಯಕ್ಷಿಣಿಯರು ರಟ್ಟಿನಲ್ಲಿ ಕತ್ತರಿಸಿ, ಹ್ಯಾಟ್ ಪಿನ್ ಚುಚ್ಚಿ ನಿಲ್ಲಿಸಿದ ಚಿತ್ರಗಳು ಅಂತ ಅವರು ಒಪ್ಪಿಕೊಂಡದ್ದು 1983ರಲ್ಲಿ, ಮುದುಕಿಯರಾದ ಮೇಲೆ. ಚಿತ್ರ ನಕಲು ಮಾಡಿದ್ದು 1914ರ ಒಂದು ಮಕ್ಕಳ ಪುಸ್ತಕದಿಂದ. ಅದೇ ಪುಸ್ತಕದಲ್ಲಿ ಡಾಯ್ಲ್ ಅವರದೂ ಒಂದು ಕಥೆ ಇತ್ತು! ಒಬ್ಬಾಕೆ ಮಾತ್ರ ಐದನೇ ಫೋಟೋ ನಿಜ ಅಂತ ಕೊನೆವರೆಗೂ ಪಟ್ಟು ಬಿಡಲಿಲ್ಲ.

ಮೋಸದ ಫೋಟೋಗಳಷ್ಟೇ ಅಲ್ಲ, ಸಾದಾ ಫೋಟೋಗಳೂ ನೋಡಲು ಬಲ್ಲವರಿಗೆ ಕಥೆ ಹೇಳುತ್ತವೆ. ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಕೊಂಡ ಒಂದು ಸ್ಟುಡಿಯೋ ಫೋಟೋ ನನ್ನ ಹತ್ತಿರ ಇದೆ. ಪೇಟ, ಕೋಟು, ಕಚ್ಚೆ ಪಂಚೆಯ ಹಿರಿಯರೊಬ್ಬರು ನೆಟ್ಟಗೆ ನಿಂತಿದ್ದಾರೆ. ಮುಖ ಬಿಟ್ಟು ಅವರ ಪಾದದ ಹಿಂದೆ ನೋಡಬೇಕು. ಕಬ್ಬಿಣದ ಸ್ಟ್ಯಾಂಡಿನ ಬುಡ ಸ್ವಲ್ಪ ಇಣುಕುತ್ತದೆ. ಆಗೆಲ್ಲ ಲೆನ್ಸನ್ನು ತುಂಬ ಹೊತ್ತು ತೆರೆದಿಡಬೇಕಿತ್ತು. ತಲೆ ಅಲ್ಲಾಡಬಾರದು ಅಂತ ಹಿಂದಿನಿಂದ ಕುತ್ತಿಗೆಗೆ ಕಬ್ಬಿಣದ ಆಸರೆ ಕೊಡುತ್ತಿದ್ದರು. ಆ ಗಾಂಭೀರ್ಯದಲ್ಲಿ ಅರ್ಧ ಆ ಕಬ್ಬಿಣದ್ದು. ಓರೆಯಾಗಿ ಹಿಡಿದರೆ ಕೆಲವು ಹಳೇ ಫೋಟೋಗಳ ಅಂಚು ಕನ್ನಡಿಯಂತೆ ಹೊಳೆಯುತ್ತದೆ. ಒಳಗಿನ ಬೆಳ್ಳಿ ಮೇಲಕ್ಕೆ ಬಂದಿರುತ್ತದೆ, ಅಷ್ಟೇ. ಒರೆಸಲು ಹೋಗಬೇಡಿ.

ವಿಚಿತ್ರ ವಸ್ತುಗಳ ಬಗ್ಗೆ ಜಾಸ್ತಿ ಕೊರೆಯಲ್ಲ. 1842ರಲ್ಲಿ ಬಾರ್ನಮ್ ಎಂಬ ಪ್ರದರ್ಶನದ ವ್ಯಾಪಾರಿ ನ್ಯೂಯಾರ್ಕಿನಲ್ಲಿ ಮತ್ಸ್ಯಕನ್ಯೆ ಅಂತ ತೋರಿಸಿದ್ದು ಒಣಗಿದ ಕೋತಿ ಮುಂಡಕ್ಕೆ ಹೊಲಿದ ಮೀನಿನ ಬಾಲ. ಜಾಹೀರಾತಿನಲ್ಲಿ ಮಾತ್ರ ಸುಂದರಿಯರ ಚಿತ್ರ. ಜನ ದುಡ್ಡು ಕೊಟ್ಟು ನೋಡಿದರು. ನಾನಿದ್ದರೂ ಕೊಡುತ್ತಿದ್ದೆ. ಇಲ್ಲಿ ಇಂಥ ರುಚಿ ಹತ್ತಿಸಿಕೊಳ್ಳಬೇಕು ಅಂದರೆ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂಗೆ ಹೋಗಿ. ಊಟ ಮುಗಿಸಿ ಹೋಗಿ, ಬೇಗ ಹೊರಗೆ ಬರಲಾಗದು.

ಒಂದನ್ನೇ ಹಿಡಿಯುವ ಪ್ರಶ್ನೆಗೆ ನನ್ನ ಉತ್ತರ: ಸಂಬಳ ಕೊಡುವ ಕೆಲಸಕ್ಕೆ ಆ ಶಿಸ್ತು ಇರಲಿ. ಹವ್ಯಾಸಕ್ಕೆ ಯಾಕೆ? ಹರ್ಷೆಲ್ ಚಂದ್ರನಿಂದ ಹೈಪೋಗೆ ಬಂದೆ. ಹೈಪೋ ಮಾತ್ರ ಓದಿದ್ದರೆ ಬಾವಲಿ ಮನುಷ್ಯರು ತಪ್ಪಿಹೋಗುತ್ತಿದ್ದರು.

ಎಲ್ಲಿಂದ ಶುರುಮಾಡಲಿ ಅಂದರೆ, ಜೇಬಿನಿಂದ 50 ರೂಪಾಯಿಯ ಹೊಸ ನೋಟು ತೆಗೆಯಿರಿ. ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥ ಇದೆ. ಈಗ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಕಾಗದದ ನೆಗೆಟಿವ್‌ನಲ್ಲಿ ತೆಗೆದ ಅದೇ ರಥದ ಫೋಟೋ ಹುಡುಕಿ ಪಕ್ಕದಲ್ಲಿಟ್ಟು ನೋಡಿ. ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರ ಇದೆ! ಆಮೇಲೆ ಅದನ್ನು ತೆಗೆದುಹಾಕಿದರು. ಈ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿ ನೋಡಿ. ‘ಇದು ಎಐ ಮಾಡಿದ್ದು’ ಅಂತ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ.