ಮೂವತ್ತು ವಾದಕರು ಯಾರಿಗೆ ಬೇಕು?

ಪ್ರಿಯ ಓದುಗರೇ,

ಪ್ರಾದೇಶಿಕ ಛೇಂಬರ್ ಆರ್ಕೆಸ್ಟ್ರಾಗಳ, ಅಂದರೆ ಪಾಶ್ಚಾತ್ಯ ಸಂಗೀತ ನುಡಿಸುವ ಸಣ್ಣ ವಾದ್ಯವೃಂದಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನ ಹಿಡಿಸಲಿಲ್ಲವೆಂದು ಪತ್ರದ ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದೀರಿ. ನಿಮ್ಮ ತಕರಾರು ಮೂರು ಬಗೆಯದು. ಬರ್ಲಿನ್, ವಿಯೆನ್ನಾದ ಮಹಾನ್ ವಾದ್ಯವೃಂದಗಳು ಮೊಬೈಲಿನಲ್ಲೇ ಸಿಗುವಾಗ ಶಾಲೆಯ ಸಭಾಂಗಣದಲ್ಲಿ ಮೂವತ್ತು ಮಂದಿ ಕುಳಿತು ನುಡಿಸುವುದನ್ನು ಏಕೆ ಕೇಳಬೇಕು? ಅದಕ್ಕೆ ಸಾರ್ವಜನಿಕರ ಹಣವನ್ನು ಏಕೆ ಸುರಿಯಬೇಕು? ‘ಜನರ ಬಳಿಗೆ ಸಂಗೀತ’ ಎನ್ನುವುದು ಮೇಲೆ ಕುಳಿತವರು ಕೆಳಗಿನವರಿಗೆ ತೋರುವ ಕರುಣೆಯಲ್ಲವೇ? ಕೊನೆಯಲ್ಲಿ ಚಪ್ಪಾಳೆಯ ಬಗ್ಗೆಯೂ ಒಂದು ಮಾತು ಸೇರಿಸಿದ್ದೀರಿ. ಕೃತಿಯ ಮೊದಲ ಭಾಗ ಮುಗಿಯುತ್ತಲೇ ನೀವು ಚಪ್ಪಾಳೆ ತಟ್ಟಿದಾಗ ಪಕ್ಕದವರು ಗುರಾಯಿಸಿದರಂತೆ, ಇಡೀ ಕೃತಿ ಮುಗಿಯುವವರೆಗೆ ತಟ್ಟಬಾರದೆಂಬುದು ಇಂದಿನ ರೂಢಿ.

ಮೊದಲು ಗಾತ್ರದ ವಿಚಾರ. ಹಣ ಸಾಲದೆ ಅರ್ಧಕ್ಕೆ ನಿಂತುಹೋದ ಸಿಂಫನಿ ಆರ್ಕೆಸ್ಟ್ರಾವೇ ಛೇಂಬರ್ ಆರ್ಕೆಸ್ಟ್ರಾ ಎಂದು ನೀವು ಭಾವಿಸಿದಂತಿದೆ. ಚರಿತ್ರೆ ಹೇಳುವುದು ಬೇರೆ. ಸಂಗೀತ ರಚನಕಾರ ಹೇಡನ್ 1761ರಲ್ಲಿ ಎಸ್ಟರ್‌ಹಾಜಿ ಎಂಬ ಹಂಗೇರಿಯ ಸಿರಿವಂತ ರಾಜಮನೆತನದ ಸೇವೆಗೆ ಸೇರಿದಾಗ ಅವನ ಕೈಗೆ ಸಿಕ್ಕಿದ್ದು ಸುಮಾರು ಹದಿನೈದು ವಾದಕರ ತಂಡ. ಸಿಂಫನಿ ಎಂಬ, ಹಲವು ಭಾಗಗಳ ವಾದ್ಯಕೃತಿಯ ಪ್ರಕಾರ ಬೆಳೆದು ನಿಂತಿದ್ದು ಅಂಥ ತಂಡಗಳ ನಡುವೆ. 1772ರ ‘ವಿದಾಯ’ ಸಿಂಫನಿಯ ಕೊನೆಯಲ್ಲಿ ವಾದಕರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ, ಉಳಿಯುವುದು ಎರಡು ಪಿಟೀಲು ಮಾತ್ರ. ಹೆಂಡತಿ ಮಕ್ಕಳನ್ನು ಬಿಟ್ಟು ಬೇಸಿಗೆ ಅರಮನೆಯಲ್ಲಿ ತಿಂಗಳುಗಟ್ಟಲೆ ಕೊಳೆಯುತ್ತಿದ್ದ ವಾದಕರ ರಜೆಯ ಅರ್ಜಿ ಅದು ಎಂಬ ಕಥೆ ಪ್ರಸಿದ್ಧ. ನೂರು ಜನರ ತಂಡದಲ್ಲಿ ಈ ಅರ್ಜಿ ಯಜಮಾನನಿಗೆ ಮುಟ್ಟುವ ಹೊತ್ತಿಗೆ ಬೆಳಗಾಗುತ್ತಿತ್ತು.

ಮೊಜಾರ್ಟ್‌ನ 29ನೆಯ ಸಿಂಫನಿಯನ್ನೂ (1774) ನೋಡಿ. ತಂತಿವಾದ್ಯಗಳು, ಶಹನಾಯಿಯಂತೆ ಊದುವ ಎರಡು ಓಬೊ, ಹಿತ್ತಾಳೆಯ ಎರಡು ಹಾರ್ನ್, ಅಷ್ಟೇ. ಅದನ್ನು ಅರವತ್ತು ತಂತಿವಾದ್ಯಗಳಲ್ಲಿ ನುಡಿಸಿದರೆ ಓಬೊಗಳು ಮುಳುಗಿಹೋಗುತ್ತವೆ. ಎಂಬತ್ತು, ನೂರು ವಾದಕರ ದಂಡು ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ದೊಡ್ಡ ಸಭಾಭವನಗಳ ಜೊತೆಗೆ. ಆ ಶತಮಾನದ ಕೊನೆಯ ಹೊತ್ತಿಗೆ ಬರೆದ ಮಾಹ್ಲರ್‌ಗೆ ಆ ದಂಡು ಬೇಕೇ ಬೇಕು. ಹೇಡನ್‌ನ ನೂರಕ್ಕೂ ಹೆಚ್ಚು ಸಿಂಫನಿಗಳಿಗೆ, ಬಾಖ್‌ನ ಬ್ರಾಂಡೆನ್‌ಬರ್ಗ್ ಕನ್ಚರ್ಟೊಗಳಿಗೆ ಬೇಡ. ಮೂವತ್ತು ಮಂದಿಯನ್ನೂ ಅವರ ವಾದ್ಯಗಳನ್ನೂ ಒಂದೆರಡು ವಾಹನಗಳಲ್ಲಿ ಹೊರಡಿಸಬಹುದು, ಇಂಥದೇ ವೇದಿಕೆ ಬೇಕೆಂದು ಹಟ ಹಿಡಿಯಬೇಕಿಲ್ಲ. 1974ರಲ್ಲಿ ಹುಟ್ಟಿದ ಸ್ಕಾಟಿಷ್ ಛೇಂಬರ್ ಆರ್ಕೆಸ್ಟ್ರಾ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡು ಪ್ರದೇಶವಾದ ಹೈಲ್ಯಾಂಡ್ಸ್‌ನ ಸಣ್ಣಪುಟ್ಟ ಊರುಗಳನ್ನು ಸುತ್ತುತ್ತದೆ. ಅದಕ್ಕೆ ಅದರ ಧ್ಯೇಯವಾಕ್ಯ ಎಷ್ಟು ಕಾರಣವೋ ಅದರ ಗಾತ್ರವೂ ಅಷ್ಟೇ ಕಾರಣ.

ಇನ್ನು ಮೊಬೈಲು. ಧ್ವನಿಮುದ್ರಣದಲ್ಲಿ ಕೇಳುವ ಬರ್ಲಿನ್ ಫಿಲ್ಹಾರ್ಮೋನಿಕ್ ನಿಮ್ಮ ಪ್ರಾಂತದ ತಂಡಕ್ಕಿಂತ ಚೆನ್ನಾಗಿ ನುಡಿಸುತ್ತದೆ. ಇದನ್ನು ಅಲ್ಲಗಳೆಯಲು ಹೊರಟವರು ಸುಮ್ಮನೆ ನಗೆಪಾಟಲಾಗುತ್ತಾರೆ. ‘ನೇರ ಕೇಳುವಿಕೆಯ ರೋಮಾಂಚನ’ ಎಂಬ ಸವಕಲು ವಾದವನ್ನೂ ನಾನು ಹೂಡುವುದಿಲ್ಲ, ಎಷ್ಟೋ ಕಛೇರಿಗಳಲ್ಲಿ ರೋಮಾಂಚನಕ್ಕಿಂತ ಆಕಳಿಕೆಯೇ ಹೆಚ್ಚು. ನನ್ನ ವಾದ ಇದು: ಪ್ರಾದೇಶಿಕ ಆರ್ಕೆಸ್ಟ್ರಾದ ಬೆಲೆ ಇರುವುದು ಸಂಜೆಯ ಆ ಎರಡು ಗಂಟೆಗಳಲ್ಲಲ್ಲ. ಆ ಮೂವತ್ತು ಜನ ಉಳಿದ ದಿನಗಳಲ್ಲೂ ಅಲ್ಲೇ ವಾಸವಾಗಿರುತ್ತಾರೆ ಎಂಬುದರಲ್ಲಿದೆ.

ಓಬೊ ಕಲಿಯಲು ಹೊರಟ ಹನ್ನೆರಡು ವರ್ಷದ ಹುಡುಗಿಯನ್ನು ಊಹಿಸಿಕೊಳ್ಳಿ. ಓಬೊದ ಜೀವ ಅದರ ತುದಿಯ ರೀಡ್‌ನಲ್ಲಿದೆ. ಒಂದು ಜಾತಿಯ ಜೊಂಡಿನ ಎರಡು ತೆಳು ಪಟ್ಟಿಗಳನ್ನು ಎದುರುಬದುರಾಗಿ ದಾರದಿಂದ ಬಿಗಿದು, ಚಾಕುವಿನಿಂದ ಕೂದಲೆಳೆಯಷ್ಟು ಕೆರೆದು ಅದನ್ನು ಹದಗೊಳಿಸಬೇಕು. ಹೆಚ್ಚಿನ ವೃತ್ತಿಪರರು ತಮ್ಮ ರೀಡನ್ನು ತಾವೇ ಮಾಡಿಕೊಳ್ಳುತ್ತಾರೆ, ಅಭ್ಯಾಸಕ್ಕೆ ಕೊಡುವಷ್ಟೇ ಹೊತ್ತನ್ನು ಚಾಕುವಿಗೂ ಕೊಡುತ್ತಾರೆ. ಹವೆ ಒಣಗಿದರೂ ತೇವವಾದರೂ ರೀಡಿನ ಸ್ವಭಾವ ಬದಲಾಗುತ್ತದೆ, ಕೆಲವು ವಾರಗಳಲ್ಲಿ ಅದು ಸತ್ತೇ ಹೋಗುತ್ತದೆ. ಅಂಗಡಿಯಿಂದ ತಂದ ರೀಡಿನಲ್ಲಿ ಸ್ವರ ಹೊರಡದಿದ್ದಾಗ ಆ ಹುಡುಗಿ ತಪ್ಪು ತನ್ನದೇ ಎಂದುಕೊಳ್ಳುತ್ತಾಳೆ. ಹತ್ತಿರದಲ್ಲಿ ಒಬ್ಬ ಓಬೊ ವಾದಕಿ ಇದ್ದರೆ ಎರಡು ಬಾರಿ ಕೆರೆದು, ಬಾಯಿಗಿಟ್ಟು ನೋಡಿ, ಮತ್ತೊಮ್ಮೆ ಕೆರೆದು ಕೈಗೆ ಕೊಡುತ್ತಾಳೆ. ಇಲ್ಲದಿದ್ದರೆ ಹುಡುಗಿ ವಾದ್ಯವನ್ನೇ ಬಿಟ್ಟುಬಿಡುತ್ತಾಳೆ. ವಿಡಿಯೊ ಪಾಠಕ್ಕೆ ಈ ಕೆಲಸ ಸಾಧ್ಯವಿಲ್ಲ, ರೀಡು ಪರದೆಯ ಈಚೆಗಿದೆ.

ಓಬೊ ವಾದಕಿಯೊಬ್ಬಳು ಸಣ್ಣ ಪ್ರಾಂತದಲ್ಲಿ ಮನೆ ಮಾಡಿಕೊಂಡು ಏಕೆ ಇರುತ್ತಾಳೆ? ಅಲ್ಲಿನ ಆರ್ಕೆಸ್ಟ್ರಾದಲ್ಲಿ ನುಡಿಸಲು ಒಂದು ಕುರ್ಚಿ ಇದ್ದರೆ ಮಾತ್ರ. ಬಸೂನ್, ವಯೋಲಾ, ಡಬಲ್ ಬಾಸ್‌ನಂಥ ವಾದ್ಯಗಳೆಲ್ಲಕ್ಕೂ ಇದೇ ಲೆಕ್ಕ. ಪಿಯಾನೊ ಶಿಕ್ಷಕರು ಆರ್ಕೆಸ್ಟ್ರಾ ಇಲ್ಲದೆಯೂ ಬದುಕಿಕೊಳ್ಳುತ್ತಾರೆ, ಬಸೂನ್ ಶಿಕ್ಷಕರು ಬದುಕುವುದಿಲ್ಲ. ಅರೆಕಾಲಿಕ ಕುರ್ಚಿಯೊಂದು ಹೋದರೆ ಆ ವಾದಕರು ಮಹಾನಗರಕ್ಕೆ ಹೊರಟುಬಿಡುತ್ತಾರೆ. ಅವರ ಹಿಂದೆಯೇ ಒಂದು ವಾದ್ಯದ ವಿದ್ಯೆಯೂ ಆ ಪ್ರಾಂತದಿಂದ ಗುಳೆ ಹೋಗುತ್ತದೆ. ಸಾರ್ವಜನಿಕ ಹಣದ ಬಗ್ಗೆ ವಾದಿಸುವವರು ಟಿಕೆಟ್ ಎಷ್ಟು ಮಾರಾಟವಾಯಿತು ಎಂದಷ್ಟೇ ಕೇಳುತ್ತಾರೆ. ಈ ಶಿಷ್ಯರನ್ನೂ ಆ ಲೆಕ್ಕದಲ್ಲಿ ಸೇರಿಸಬೇಕೆಂದು ನನ್ನ ಒತ್ತಾಯ.

ಕರುಣೆಯ ಆರೋಪದಲ್ಲಿ ನಿಮ್ಮ ಜೊತೆ ಅರ್ಧ ದಾರಿ ಬರುತ್ತೇನೆ. ವರ್ಷಕ್ಕೊಮ್ಮೆ ಶಾಲೆಗೆ ಬಂದು, ನಾಲ್ಕು ಜನಪ್ರಿಯ ತುಣುಕುಗಳನ್ನು ನುಡಿಸಿ, ನಡುನಡುವೆ ಕೋಡಂಗಿ ಚೇಷ್ಟೆ ಮಾಡಿ, ಫೋಟೊ ತೆಗೆಸಿಕೊಂಡು ಹೋಗುವ ‘ಸಮುದಾಯ ಕಾರ್ಯಕ್ರಮ’ಗಳನ್ನು ನಿಲ್ಲಿಸಿದರೆ ಯಾರಿಗೂ ನಷ್ಟವಿಲ್ಲ. ಸಿನಿಮಾ ಸಂಗೀತವನ್ನು ಗಾಳಕ್ಕೆ ಸಿಕ್ಕಿಸುವ ಹುಳುವಿನಂತೆ ಬಳಸುವುದೂ ನನಗೆ ಒಗ್ಗದು. ಸಿನಿಮಾ ಸಂಗೀತ ಕೇಳಲು ಬಂದವರು ಮುಂದಿನ ಸಲವೂ ಅದನ್ನೇ ಕೇಳಲು ಬರುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಮಕ್ಕಳ ಮುಂದೆ ಹೇಡನ್‌ನ ಒಂದು ಕೃತಿಯನ್ನು ಇಡಿಯಾಗಿ ನುಡಿಸುವ ಧೈರ್ಯವನ್ನು ಆರ್ಕೆಸ್ಟ್ರಾದವರು ತೋರಬೇಕು. ಮಕ್ಕಳು ಕೂರುವುದಿಲ್ಲ ಎಂಬ ಭಯ ಹೆಚ್ಚಾಗಿ ದೊಡ್ಡವರದು.

ಕರುಣೆಯಿಲ್ಲದೆಯೂ ಈ ಕೆಲಸ ನಡೆಯುತ್ತದೆ ಎಂಬುದಕ್ಕೆ ಜರ್ಮನಿಯ ಬ್ರೆಮೆನ್ ನಗರ ಸಾಕ್ಷಿ. ಪಾವೊ ಯಾರ್ವಿ ನಿರ್ದೇಶನದಲ್ಲಿ ಬೀಥೊವನ್ ಸಿಂಫನಿಗಳಿಗೆ ಜಗತ್ತಿನಾದ್ಯಂತ ಹೆಸರಾದ, ವಾದಕರೇ ಒಡೆಯರಾಗಿರುವ ಡಾಯ್ಚ ಕಾಮರ್‌ಫಿಲ್ಹಾರ್ಮೊನಿ 2007ರಲ್ಲಿ ತನ್ನ ತಾಲೀಮಿನ ಜಾಗವನ್ನು ನಗರದ ಪೂರ್ವ ಅಂಚಿನ ಒಂದು ಸರ್ಕಾರಿ ಶಾಲೆಗೆ ಬದಲಾಯಿಸಿಕೊಂಡಿತು. ಸುತ್ತಲಿರುವುದು ಬಹುಮಹಡಿ ವಸತಿಗಳ, ಹಲವು ದೇಶಗಳಿಂದ ವಲಸೆ ಬಂದವರ ಬಡಾವಣೆ. ಶಾಲೆಯ ಊಟದ ಕೋಣೆಯಲ್ಲಿ ವಾದಕರು ವಿದ್ಯಾರ್ಥಿಗಳ ಜೊತೆಗೇ ಉಣ್ಣುತ್ತಾರೆ, ಮಕ್ಕಳು ತಾಲೀಮಿನಲ್ಲಿ ವಾದಕರ ನಡುವೆ ಕೂರುತ್ತಾರೆ, ಬಡಾವಣೆಯವರೆಲ್ಲ ಸೇರಿ ಆಡುವ ಒಪೆರಾ ಯೋಜನೆಗಳೂ ನಡೆದಿವೆ. ಅಲ್ಲಿ ಸಂಗೀತವನ್ನು ಯಾರೂ ಯಾರ ಬಳಿಗೂ ಹೊತ್ತು ತರುತ್ತಿಲ್ಲ, ಒಂದೇ ಕಟ್ಟಡವನ್ನು ಹಂಚಿಕೊಂಡಿದ್ದಾರೆ.

ಸಂಗೀತ ರಚಿಸಿದ ದೊಡ್ಡವರೂ ಈ ಕೆಲಸವನ್ನು ಕೀಳೆಂದು ಎಣಿಸಲಿಲ್ಲ. 1958ರಲ್ಲಿ ಇಂಗ್ಲೆಂಡಿನ ಆರ್ಫರ್ಡ್ ಚರ್ಚಿನಲ್ಲಿ ಮೊದಲ ಪ್ರದರ್ಶನ ಕಂಡ, ರಚನಕಾರ ಬೆಂಜಮಿನ್ ಬ್ರಿಟನ್‌ನ ‘ನಾಯ್ಸ್ ಫ್ಲಡ್’ (ನೋಹನ ಪ್ರಳಯ) ಒಪೆರಾದಲ್ಲಿ ವೃತ್ತಿಪರರ ಪಕ್ಕದಲ್ಲೇ ಮಕ್ಕಳು ನುಡಿಸುತ್ತಾರೆ. ಮೊದಲ ಮಳೆಹನಿಗಳ ಸದ್ದಿಗೆ ದಾರಕ್ಕೆ ಸಾಲಾಗಿ ನೇತುಹಾಕಿದ ಮಗ್‌ಗಳನ್ನು ಬಡಿಯುತ್ತಾರೆ. ಬ್ರಿಟನ್ ಅದನ್ನು ಆಟಿಕೆಯೆಂದು ಬರೆಯಲಿಲ್ಲ, ಸ್ವರಲಿಪಿಯಲ್ಲೇ ಅದಕ್ಕೊಂದು ಜಾಗ ಕೊಟ್ಟ.

ಹಣದ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ, ಉತ್ತರ ಹಿತವಾಗಿಲ್ಲ. ವಿಲಿಯಂ ಬೌಮೊಲ್ ಮತ್ತು ವಿಲಿಯಂ ಬೊವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲೇ ಇದನ್ನು ವಿವರಿಸಿದರು. ಕಾರ್ಖಾನೆ ವರ್ಷ ವರ್ಷವೂ ಕಡಿಮೆ ಶ್ರಮದಲ್ಲಿ ಹೆಚ್ಚು ಉತ್ಪಾದಿಸುತ್ತದೆ, ಆದರೆ ನಾಲ್ವರ ಕೃತಿಗೆ ಇಂದಿಗೂ ನಾಲ್ವರು ಬೇಕು, ಅಷ್ಟೇ ನಿಮಿಷಗಳೂ ಬೇಕು. ಜಗತ್ತಿನ ಕೂಲಿ ಏರಿದಂತೆ ಇವರ ಕೂಲಿಯೂ ಏರಲೇಬೇಕು. ಆದ್ದರಿಂದ ಟಿಕೆಟ್ ಹಣವೊಂದರಿಂದಲೇ ಆರ್ಕೆಸ್ಟ್ರಾ ನಡೆಯುವುದಿಲ್ಲ, ಹಿಂದೆಯೂ ನಡೆದಿಲ್ಲ. 1743ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹದಿನಾರು ಪ್ರಮುಖರು ಕೈಯಿಂದ ಹಣ ಹಾಕಿ ಹದಿನಾರು ವಾದಕರ ಸಂಗೀತ ಸಂಘವನ್ನು ಕಟ್ಟಿದರು. ಇಂದಿನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾದ ಮೂಲ ಅದೇ. ಅಮೆರಿಕದ ಮಿನೆಸೋಟಾದಲ್ಲಿ ಸೇಂಟ್ ಪಾಲ್ ಛೇಂಬರ್ ಆರ್ಕೆಸ್ಟ್ರಾ ಟಿಕೆಟ್ ದರವನ್ನು ಇಳಿಸಿ, ತಿಂಗಳಿಗೆ ಐದು ಡಾಲರ್ ಕೊಟ್ಟವರಿಗೆ ಬೇಕಾದಷ್ಟು ಕಛೇರಿ ಎಂಬ ಸದಸ್ಯತ್ವ ತಂದು, ಬಡಾವಣೆಗಳ ಚರ್ಚುಗಳಲ್ಲೂ ಶಾಲೆಗಳಲ್ಲೂ ನುಡಿಸಿತು. ಮೆಚ್ಚಬೇಕಾದ ನಡೆ. ಆದರೆ ಅದೇ ಸಂಸ್ಥೆಯಲ್ಲಿ 2012–13ರಲ್ಲಿ ವೇತನದ ವಿವಾದದಿಂದ ತಿಂಗಳುಗಟ್ಟಲೆ ಬೀಗ ಬಿತ್ತು. ಬಾಗಿಲು ತೆರೆದಾಗ ಮೂವತ್ತನಾಲ್ಕು ಕುರ್ಚಿಗಳು ಇಪ್ಪತ್ತೆಂಟಕ್ಕೆ ಇಳಿದಿದ್ದವು. ಟಿಕೆಟ್ ಅಗ್ಗವಾಗಬೇಕೆಂದರೆ ಉಳಿದ ಹಣವನ್ನು ಯಾರಾದರೂ ಕೊಡಲೇಬೇಕು. ಆ ‘ಯಾರಾದರೂ’ ನಾವೇ ಆಗಬೇಕೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೌದು. ಆದರೆ ಷರತ್ತಿನ ಮೇಲೆ: ವಾದಕರು ಪ್ರಾಂತದಲ್ಲಿ ನೆಲೆಸಬೇಕು, ಕಲಿಸಬೇಕು, ಅದರ ಲೆಕ್ಕ ಒಪ್ಪಿಸಬೇಕು.

ಇನ್ನು ಚಪ್ಪಾಳೆ. 1778ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಮೊಜಾರ್ಟ್‌ನ ಹೊಸ ಸಿಂಫನಿಯೊಂದನ್ನು ನುಡಿಸಲಾಯಿತು. ಜುಲೈ 3ರಂದು ತಂದೆಗೆ ಬರೆದ ಪತ್ರದಲ್ಲಿ ಅವನು ಹೇಳುವಂತೆ, ಮೊದಲ ಭಾಗದ ನಡುವೆಯೇ ಜನ ಮೆಚ್ಚುತ್ತಾರೆಂದು ಗೊತ್ತಿದ್ದ ಒಂದು ಪ್ರಯೋಗವನ್ನು ಬೇಕೆಂದೇ ಇಟ್ಟಿದ್ದ, ಜನ ಅಲ್ಲೇ ಚಪ್ಪಾಳೆ ತಟ್ಟಿದರು, ಕೊನೆಯಲ್ಲಿ ಅದನ್ನೇ ಮತ್ತೆ ತಂದ. ಅಂತಿಮ ಭಾಗವನ್ನು ಬರಿಯ ಪಿಟೀಲುಗಳಿಂದ ಮೆಲ್ಲಗೆ ಆರಂಭಿಸಿದ. ಸಭೆ ತನ್ನನ್ನೇ ‘ಶ್’ ಎಂದು ಸುಮ್ಮನಾಗಿಸಿಕೊಂಡಿತು, ಇಡೀ ತಂಡ ಒಮ್ಮೆಲೇ ಗಟ್ಟಿಯಾಗಿ ನುಡಿಸಿದಾಗ ಮತ್ತೆ ಚಪ್ಪಾಳೆ. ಆತನಿಗೆ ಆದದ್ದು ಸಂತೋಷವೇ. ಭಾಗಗಳ ನಡುವೆ ಮೌನ ಎಂಬ ಶಿಸ್ತು ಬೇರುಬಿಟ್ಟಿದ್ದು ಬಹಳ ಕಾಲದ ಮೇಲೆ.

ಹಾಗೆಂದು ಎಲ್ಲಿ ಬೇಕಾದರೂ ತಟ್ಟಿ ಎನ್ನಲಾರೆ. ನಿಧಾನ ಗತಿಯ ಭಾಗ ಕ್ಷೀಣಿಸುತ್ತಾ ಮುಗಿದಾಗ ಕೈಗಳು ತಾವಾಗಿಯೇ ಸುಮ್ಮನಿರುತ್ತವೆ. ಆರ್ಭಟದಿಂದ ಮುಗಿಯುವ ಮೊದಲ ಭಾಗದ ನಂತರ ತಟ್ಟಬೇಕೆನಿಸಿದರೆ ತಟ್ಟಿ. ಪಕ್ಕದವರು ಮತ್ತೆ ಗುರಾಯಿಸಿದರೆ ಈ ಪುಟವನ್ನು ಹರಿದು ಅವರಿಗೆ ಕೊಡಲು ನಮ್ಮ ಅಭ್ಯಂತರವಿಲ್ಲ.

— ಸಂಪಾದಕ